ಒಂದು ನೂಲು ಹೆಚ್ಚು

ಕುಷ್ಟಗಿಯ ಜಟಕಾ ನಮ್ಮ ಮನೆ ಮುಂದೆ ನಿಂತಾಗ ನಾನು ಗೌರಿ ಗೊಂಬೆಯ ಎಡಗಣ್ಣು ಬರೆಯುತ್ತಿದ್ದೆ. ಕಣ್ಣು ಬರೆಯುವಾಗ ಉಸಿರು ಬಿಡಬಾರದು ಎಂದು ಅಪ್ಪ ಕಲಿಸಿದ್ದ. ಆದರೆ ಕುದುರೆಯ ಗೆಜ್ಜೆ ಕೇಳಿದ್ದೇ ಕುಂಚ ಜಾರಿ, ಗೌರಿಯ ಹುಬ್ಬು ಹಣೆಯ ಮೇಲಕ್ಕೆ ಹರಿಯಿತು. ಅವರು ಇವತ್ತು ಬರುತ್ತಾರೆಂದು ನನಗೆ ಗೊತ್ತಿತ್ತು. ಬಾರದೆ ಇರಲಿ ಎಂದು ಮೂರು ದಿನದಿಂದ ಹುಲಿಗೆಮ್ಮನನ್ನು ಬೇಡಿಕೊಂಡಿದ್ದೆ. ನನ್ನ ಮಾತು ಆ ತಾಯಿ ಯಾವಾಗ ಕೇಳಿದ್ದಾಳೆ, ಇವತ್ತು ಕೇಳಲಿಕ್ಕೆ!

ಬಂದವರು ಮೂವರು. ಜಟಕಾ ಹೊಡೆಯುವ ಅಮೀನಸಾಬ, ಅವನ ಹೆಂಡತಿ ಇಮಾಮಬಾನು, ಅವರ ಏಳು ವರ್ಷದ ಮಗಳು ರಜಿಯಾ. ರಜಿಯಾ ನನ್ನ ಹಾಗೆಯೇ ಹುಟ್ಟಿದ ಕೂಸು. ಹುಟ್ಟಿದಾಗ ಅಳಲಿಲ್ಲ, ಕಾಲು ಸೆಟೆದುಕೊಂಡವು, ನಡೆಯುವ ವಯಸ್ಸು ಬಂದಾಗ ಹಿಮ್ಮಡಿ ನೆಲಕ್ಕೆ ಮುಟ್ಟದೆ ಬೆರಳ ತುದಿಯಲ್ಲೇ ನಡೆದಳು. ಎರಡು ತಿಂಗಳ ಹಿಂದೆ ಬ್ರಿಟಿಷ್ ಸೀಮೆಯ ಮಿಶನ್ ದವಾಖಾನೆಯಲ್ಲಿ ಅವಳ ಎರಡೂ ಹಿಮ್ಮಡಿಯ ಮೇಲಿನ ನರ ಕೊಯ್ದು ಉದ್ದ ಮಾಡಿದ್ದರು. ಹದಿನೈದು ವರ್ಷದ ಹಿಂದೆ ನನಗೆ ಮಾಡಿದ್ದೂ ಅದನ್ನೇ. ಇನ್ನು ಮೈ ಬೆಳೆದು ನಿಲ್ಲುವವರೆಗೆ ಕಾಲಿಗೆ ಹಲಗೆ ಕಟ್ಟಬೇಕು, ಇಲ್ಲವಾದರೆ ನರ ಮತ್ತೆ ಬಿಗಿಯುತ್ತದೆ. ಆ ಹಲಗೆ ಮಾಡಿಸಲಿಕ್ಕೆ ದಾಕ್ಟರಮ್ಮ ಅವರನ್ನು ಕಿನ್ನಾಳಕ್ಕೆ, ನಮ್ಮ ಅಪ್ಪನ ಹತ್ತಿರ ಕಳಿಸಿದ್ದಳು. ಜೊತೆಗೆ ಇನ್ನೊಂದು ಮಾತು ಹೇಳಿದ್ದಳಂತೆ: ಅಲ್ಲಿ ಪಕ್ಕೀರವ್ವ ಅಂತ ಇದ್ದಾಳೆ, ಇಷ್ಟು ವರ್ಷದ ಮೇಲೆ ಅವಳು ಹೇಗೆ ನಡೆಯುತ್ತಾಳೆ ನೋಡಿಕೊಂಡು ಬನ್ನಿ.

ಆ ಪಕ್ಕೀರವ್ವ ನಾನು. ನನಗೆ ಈಗ ನೆಟ್ಟಗೆ ನಡೆಯಲು ಆಗುತ್ತಿರಲಿಲ್ಲ. ಎರಡು ವರ್ಷದಿಂದ ಅದನ್ನು ಅಪ್ಪನಿಂದ ಮುಚ್ಚಿಟ್ಟಿದ್ದೆ. ಯಾಕೆ ಹೀಗಾಯಿತು ಎಂಬುದನ್ನಂತೂ ಇನ್ನೂ ಆಳಕ್ಕೆ ಹೂತಿದ್ದೆ. ಬಾಯಿ ಬಿಟ್ಟರೆ ಅಪ್ಪ ಮತ್ತೆ ಉಳಿ ಮುಟ್ಟಲಿಕ್ಕಿಲ್ಲ, ಬಿಡದಿದ್ದರೆ ಆ ಹುಡುಗಿಯ ಕಾಲು ನನ್ನ ಕಾಲಾಗುತ್ತದೆ. ಹೀಗೆ ಎರಡು ಕಡೆ ಬೆಂಕಿ ಇಟ್ಟುಕೊಂಡು ನಾನು ಗೌರಿಯ ಹುಬ್ಬು ಒರೆಸುತ್ತಾ ಕೂತಿದ್ದೆ.

ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು ಹುಟ್ಟಿದ ದಿನ ಉಸಿರಾಡದೆ ನೀಲಿಯಾಗಿದ್ದೆನಂತೆ. ಅವ್ವ ಪಾರ್ವತೆಮ್ಮ ಫಕೀರನ ದರ್ಗಾಕ್ಕೆ ಹರಕೆ ಹೊತ್ತಳು, ಉಸಿರು ಬಂತು, ಹೆಸರು ಪಕ್ಕೀರವ್ವ ಎಂದಾಯಿತು. ಒಂಬತ್ತು ವರ್ಷದವರೆಗೆ ತುದಿಗಾಲಲ್ಲಿ ಅಡ್ಡಾದಿಡ್ಡಿ ಓಡಿ, ಬಿದ್ದು, ಎದ್ದೆ. ಓಣಿಯ ಹೆಂಗಸರು ಕರ್ಮ ಅಂದರು, ಗಾಳಿ ಅಂದರು, ಪುಕ್ಕಟೆ ಮಾತಿಗೇನು ಬರ? ಅಪ್ಪ ಮಾತ್ರ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ಹತ್ತಿದ. ನರ ಕೊಯ್ದ ಮೇಲೆ ದವಾಖಾನೆಯವರು ಒಂದು ಜೊತೆ ಹಲಗೆ ಕೊಟ್ಟರು. ಮೀನಗಂಡಕ್ಕೆ ಒಂದು, ಅಂಗಾಲಿಗೆ ಒಂದು, ಎರಡೂ ಕೂಡುವಲ್ಲಿ ಮೂಲೆ. ಕಾಲು ಬೆಳೆದ ಹಾಗೆ ಹೊಸದು ಮಾಡಿಸಬೇಕು ಎಂದರು.

ಅಪ್ಪ ಯಾರ ಹತ್ತಿರ ಮಾಡಿಸುತ್ತಾನೆ? ಕಟ್ಟಿಗೆ ಗೊಂಬೆ ಮಾಡುವ ಗ್ಯಾನಪ್ಪ ಚಿತ್ರಗಾರ ಎಂದರೆ ಗಂಗಾವತಿ, ಯಲಬುರ್ಗಿಯವರೆಗೆ ಹೆಸರು. ತಾನೇ ಮಾಡಿದ. ಹಗುರ ಕಟ್ಟಿಗೆ ಕೊರೆದು, ಒಳಗೆ ಹತ್ತಿ ಹಾಸಿ, ಚರ್ಮ ಸುಲಿಯದ ಹಾಗೆ ಅಂಚು ಉಜ್ಜಿ, ನನ್ನ ಹದಿನೆಂಟನೆಯ ವಯಸ್ಸಿನವರೆಗೆ ಹನ್ನೊಂದು ಜೊತೆ ಮಾಡಿದ. ಹಳೆಯ ಜೊತೆಯನ್ನು ಅಳತೆಗೆ ಇಟ್ಟುಕೊಂಡು ಹೊಸದು ಮಾಡುವುದು ಅವನ ಕ್ರಮ. ಹನ್ನೊಂದನೆಯ ವಯಸ್ಸಿಗೆ ನಾನು ಹಿಮ್ಮಡಿ ಊರಿ ನಿಂತೆ. ಬಾವಿಗೆ ಹೋಗಿ ಸಣ್ಣ ಕೊಡ ತಂದೆ. ಸಾಲಾಗಿ ಕೂತು ನಗುತ್ತಿದ್ದ ಹುಡುಗಿಯರ ಮುಂದೆ ಹತ್ತು ಸಲ ಸುಮ್ಮನೆ ಅತ್ತಿಂದಿತ್ತ ನಡೆದೆ. ಆ ವರ್ಷಗಳನ್ನು ಯಾರೂ ಕಸಿದುಕೊಳ್ಳಲಾರರು, ಅವು ನನಗೆ ಅಪ್ಪ ಕೊಟ್ಟವು.

ಇಪ್ಪತ್ತಾಗುತ್ತಲೇ ಮೊಣಕಾಲು ಬಾಗತೊಡಗಿತು. ಮೊದಲು ಸಂಜೆ ಮಾತ್ರ, ಆಮೇಲೆ ಬೆಳಿಗ್ಗೆಯೂ. ಹಿಮ್ಮಡಿ ಗಟ್ಟಿಯಾಗಿ ನೆಲದಲ್ಲಿದೆ, ಆದರೆ ಮೊಣಕಾಲು ಕುರ್ಚಿಯ ಮೇಲೆ ಕೂತವರ ಹಾಗೆ ಮುಂದಕ್ಕೆ ಮಡಿಯುತ್ತದೆ. ನಾಲ್ಕು ಹೆಜ್ಜೆಗೆ ತೊಡೆ ಉರಿಯುತ್ತದೆ. ನಾನು ಒಳಮನೆಯಿಂದ ಪಡಸಾಲೆಗೆ ಗೋಡೆ ಹಿಡಿದು ಬರಲು ಕಲಿತೆ. ಅಪ್ಪ ಏಳುವ ಮೊದಲೇ ಬಣ್ಣದ ಮಣೆಯ ಮುಂದೆ ಕೂತುಬಿಡುತ್ತಿದ್ದೆ. ಕೈಯ ಬಣ್ಣ ಗೋಡೆಗೆ ಹತ್ತುತ್ತಿತ್ತು, ಕೆಂಪು, ಹಳದಿ, ಸಾಲಾಗಿ. ಸದ್ಯ, ವಯಸ್ಸಾದ ಮೇಲೆ ಅಪ್ಪನಿಗೆ ಸುಣ್ಣ ಬಳಿಯುವ ಹುಚ್ಚು ಹಿಡಿದಿತ್ತು. ತಿಂಗಳಿಗೊಮ್ಮೆ ಆ ಗೋಡೆ ಬೆಳ್ಳಗಾಗುತ್ತಿತ್ತು.

ಒಂದು ದಿನ ಮೂಲೆಯ ಗೋಣಿಚೀಲದಲ್ಲಿ ಬಣ್ಣದ ಕಲ್ಲು ಹುಡುಕುವಾಗ ಎರಡು ಹಲಗೆ ಸಿಕ್ಕವು. ಒಂದು ದವಾಖಾನೆಯವರ ಮೊದಲನೆಯದು, ಇನ್ನೊಂದು ಅಪ್ಪನ ಕೊನೆಯದು. ಸುಮ್ಮನೆ ಪಕ್ಕಪಕ್ಕ ಇಟ್ಟೆ. ದವಾಖಾನೆಯದರ ಮೂಲೆ ಗೋಡೆಗೂ ನೆಲಕ್ಕೂ ಕೂಡುವ ಮೂಲೆಯಂತೆ ನೆಟ್ಟಗಿತ್ತು. ಅಪ್ಪನದರಲ್ಲಿ ಬೆರಳ ಕಡೆಯ ತುದಿ ಮೇಲಕ್ಕೆ ಎದ್ದಿತ್ತು, ಹೆಚ್ಚೂಕಡಿಮೆ ಒಂದೂವರೆ ಇಂಚು.

ನನಗೆ ತಕ್ಷಣ ತಿಳಿಯಿತು. ನಾನೂ ಚಿತ್ರಗಾರನ ಮಗಳೇ. ಗೊಂಬೆಯ ಕಟ್ಟಿಗೆಯ ಮೇಲೆ ನಾವು ಕಿಟ್ಟ ಮೆತ್ತುತ್ತೇವೆ. ಸೆಣಬು, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಮುದ್ದೆ ಅದು. ಒಣಗಿದರೆ ಕುಗ್ಗುತ್ತದೆ. ಅದಕ್ಕೇ ಕಿನ್ನಾಳದಲ್ಲಿ ಎಲ್ಲವನ್ನೂ ಒಂದು ನೂಲು ಹೆಚ್ಚಿಗೆ ಇಟ್ಟು ಮಾಡುತ್ತಾರೆ. ಎಂಟು ನೂಲಿಗೆ ಒಂದು ಇಂಚು. ಅಪ್ಪ ನನ್ನ ಕಾಲಿಗೂ ಹಾಗೇ ಮಾಡಿದ್ದ. ಕೊಯ್ದ ನರ ಮತ್ತೆ ಕುಗ್ಗುತ್ತದೆ ಎಂದು ದಾಕ್ಟರಮ್ಮ ಅಂದದ್ದು ಅವನಿಗೆ ಕಿಟ್ಟದ ಮಾತಿನಂತೆ ಕೇಳಿತ್ತು. ಹಳೆಯದರ ಅಳತೆಯ ಮೇಲೆ ಪ್ರತಿ ಜೊತೆಗೆ ಒಂದು ನೂಲು, ಹನ್ನೊಂದು ಜೊತೆಗೆ ಹನ್ನೊಂದು ನೂಲು. ಬೆರಳು ಮೇಲೆದ್ದಷ್ಟೂ ಹಿಮ್ಮಡಿಯ ನರ ಹಿಗ್ಗಿ ಸಡಿಲಾಯಿತು. ಹಿಂದಿನ ದಾರ ಸಡಿಲಾದರೆ ಸೂತ್ರದ ಬೊಂಬೆ ಮೊಣಕಾಲು ಮಡಚಿ ಕೂರುತ್ತದೆಯಲ್ಲ, ನಾನೂ ಹಾಗೆ ಕೂತೆ. ಮೊದಲಿದ್ದ ಬಿಗಿಯಲ್ಲಿ ಒಂದು ಪಾಲು ನನ್ನನ್ನು ಎತ್ತಿ ಹಿಡಿದಿತ್ತು, ಅದನ್ನೂ ಪ್ರೀತಿಯಿಂದ ಎಳೆದುಹಾಕಿದ್ದ. ಅತಿಯಾದರೆ ಅಮೃತವೂ ವಿಷ ಎಂದು ಊರೆಲ್ಲ ಹೇಳುತ್ತದೆ, ಹೆತ್ತವರ ಕಿವಿಗೆ ಮಾತ್ರ ಅದು ಬೀಳುವುದಿಲ್ಲ.

ಆ ದಿನ ನಾನು ಅತ್ತದ್ದು ಕಾಲಿಗಲ್ಲ. ಅಪ್ಪನ ಮೇಲೆ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯಾಯಿತು, ಅದಕ್ಕೆ ಅತ್ತೆ. ಹಲಗೆಗಳನ್ನು ಮತ್ತೆ ಗೋಣಿಚೀಲಕ್ಕೆ ತುರುಕಿದೆ.

ಇವತ್ತು ಮಾತ್ರ ನಾನು ಒಳಮನೆಯಲ್ಲೇ ಮಣೆ ಹಾಕಿಕೊಂಡಿದ್ದೆ. ಈಗ ಹೊರಗೆ ಪಡಸಾಲೆಯಲ್ಲಿ ಅಪ್ಪ ರಜಿಯಾಳ ಕಾಲು ತೊಡೆಯ ಮೇಲಿಟ್ಟುಕೊಂಡು ಅಳೆಯುತ್ತಿದ್ದ. ಅವನ ದನಿಯಲ್ಲಿ ಹಬ್ಬದ ಸಡಗರ.

"ಹದರಬ್ಯಾಡ ನಮ್ಮವ್ವಾ. ಅಜ್ಜ ಅದೀನಿ. ನಮ್ಮ ಪಕ್ಕೀರಿನೂ ಹಿಂಗ ಇದ್ಲು, ಈಗ ನೋಡು ಹೆಂಗ ಅಡ್ಡಾಡ್ತಾಳ."

ಅಮೀನಸಾಬ ಕೇಳಿದ. "ಗ್ಯಾನಪ್ಪಣ್ಣ, ಎಷ್ಟು ವರ್ಷ ಕಟ್ಟಬೇಕ್ರಿ?"

"ಮೈ ನಿಲ್ಲೂತನಕ ಕಟ್ಟಬೇಕ್ರಿ. ನಾ ಮಾಡಿಕೊಡ್ತೀನಿ, ನೀವೇನು ಚಿಂತಿ ಮಾಡಬ್ಯಾಡ್ರಿ. ಯವ್ವಾ ಪಕ್ಕೀರೀ, ಹೊರಗ ಬಾ. ಸಾಹೇಬ್ರಿಗೆ ಒಂದೀಟು ನಡದು ತೋರಸು."

ನಾನು ಕುಂಚ ಕೆಳಗಿಡಲಿಲ್ಲ. "ಕಣ್ಣು ಬರ್ಯಾಕ ಹತ್ತೀನಪ್ಪಾ. ಬಣ್ಣ ಒಣಗತೈತಿ."

"ಆತು ಬಿಡು, ಮುಗಿಸಿ ಬಾ. ಕೆಲಸದಾಗ ನಮ್ಮಪ್ಪಗಿಂತ ಬಿಗಿ ನೋಡ್ರಿ ಈಕಿ," ಎಂದು ಅಪ್ಪ ನಕ್ಕ.

ಇಮಾಮಬಾನು ನಗಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಬಂದಳು. ನನ್ನ ಎದುರು ಕೂತಳು. ಅವಳು ಕುಷ್ಟಗಿಯಲ್ಲಿ ಬಟ್ಟೆ ಹೊಲಿಯುವವಳು, ಮುಖಕ್ಕಿಂತ ಮೊದಲು ಅವಳ ಕಣ್ಣು ಉಟ್ಟ ಬಟ್ಟೆಗೆ ಹೋಗುತ್ತದೆ. ನನ್ನ ಸೊಂಟದಲ್ಲಿ ಗಂಟುಗಂಟಾಗಿ ಸಿಕ್ಕಿಸಿದ ಸೀರೆಯನ್ನು ನೋಡಿದಳು.

"ತಂಗೀ, ಸೀರಿ ನಿನಗ ಭಾಳ ಉದ್ದ ಆಗೇತಲ್ಲ. ನಾಕು ಬೆರಳು ಒಳಗ ಮಡಿಚೀದಿ."

"ಹಂಗ ಉಟ್ಕೊಂಡೀನ್ರಿ."

"ಸೀರಿ ಬೆಳಿಯೂದಿಲ್ಲವ್ವಾ. ಉಟ್ಟಾಕಿ ಕುಗ್ಗಿದ್ರ ಹಿಂಗಾಗತೈತಿ." ದನಿ ಇಳಿಸಿದಳು. "ನಾ ಎಂಟು ಹರದಾರಿ ಬಂದೀನಿ. ಮಿಠಾಯಿ ಮಾತು ಕೇಳಾಕ ಬಂದಿಲ್ಲ. ನನ್ನ ಮಗಳ ತಲಿ ಮ್ಯಾಲ ಕೈ ಇಟ್ಟಂಗ ತಿಳಕೊಂಡು ಹೇಳು. ಈಗ ನೀ ಹೆಂಗ ಅದಿ?"

ಗೋಡೆಯ ಆಚೆ ಅಪ್ಪ ಗುನುಗುತ್ತಾ ಕಟ್ಟಿಗೆ ಆರಿಸುತ್ತಿದ್ದ.

"ಛಲೋ ಅದೀನ್ರಿ," ಎಂದೆ.

ಆ ಮಾತು ಬಾಯಿಂದ ಬಿದ್ದ ಕೂಡಲೇ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಇಮಾಮಬಾನು ನನ್ನನ್ನು ಒಂದು ಗಳಿಗೆ ನೋಡಿದಳು. ನಂಬಿದಳೋ ಇಲ್ಲವೋ, ಎದ್ದು ಹೊರಗೆ ಹೋದಳು.

ಉಳಿಯ ಸದ್ದು ಶುರುವಾಯಿತು. ನನಗೆ ಆ ಸದ್ದು ತಾಯಿಹಾಲಿನಷ್ಟೇ ಪರಿಚಯ. ಎಷ್ಟು ಆಳಕ್ಕೆ ಇಳಿಯಿತು, ಎಲ್ಲಿ ತಿರುಗಿತು, ನೋಡದೆಯೇ ಹೇಳಬಲ್ಲೆ. ಮೊದಲು ಮೀನಗಂಡದ ಹಲಗೆ ಆಯಿತು. ಅಂಗಾಲಿನದು ಆಯಿತು. ಆಮೇಲೆ ಸದ್ದು ನಿಂತಿತು. ಮೂಲೆಗೆ ಗುರುತು ಹಾಕುವ ಹೊತ್ತು ಅದು.

"ದಾಕ್ಟರಮ್ಮ ಗ್ವಾಡಿ, ನೆಲ ಕೂಡಿದಂಗ ಇರಬೇಕಂತ ಹೇಳ್ಯಾರ್ರಿ. ಅದಕ್ಕಿಂತ ಹೆಚ್ಚು ಎತ್ತಬಾರದಂತ," ಎಂದ ಅಮೀನಸಾಬ.

"ದಾಕ್ಟರಮ್ಮಗ ಕಾಲು ಗೊತ್ತು, ಕೆಲಸ ಗೊತ್ತಿಲ್ರಿ. ಕುಗ್ಗೂ ವಸ್ತುಕ್ಕ ಒಂದು ನೂಲು ಹೆಚ್ಚ ಇಡಬೇಕು. ನಮ್ಮ ಮುತ್ತ್ಯಾನ ಕಾಲದಿಂದ ಹಿಂಗ ಐತಿ. ಇಲ್ಲಾಂದ್ರ ಮುಂದ ಹುಡುಗಿ ಮತ್ತ ತುದಿಗಾಲಾಗ ನಿಂತಾಳು. ಆಗ ಯಾರಿಗಂತೀರಿ?"

ಕೆಲಸ ಬಲ್ಲವನ ಎದುರು ಬಡವ ಏನು ವಾದ ಮಾಡುತ್ತಾನೆ? ಅದೂ ಎದುರಿಗೆ ಸಾಕ್ಷಿಯಾಗಿ ನಾನಿರುವಾಗ.

ಅಷ್ಟರಲ್ಲಿ ರಜಿಯಾ ಹೊಸ್ತಿಲು ಹಿಡಿದು ಒಳಗೆ ಬಂದಳು. ಹಿಮ್ಮಡಿ ಊರಿ, ಅದು ತನ್ನದೋ ಅಲ್ಲವೋ ಎಂಬಂತೆ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಗೌರಿಯ ಓರೆ ಹುಬ್ಬು ನೋಡಿ ಕಿಸಕ್ಕನೆ ನಕ್ಕಳು.

"ಅಕ್ಕಾ, ನಾ ನಿನ್ನಂಗ ನಡೀತೀನಂತ. ಹೆಂಗ ನಡೀತಿ? ನೋಡೂಣು."

ಈ ಲೋಕದಲ್ಲಿ ಅಪ್ಪನಿಗೆ ಸುಳ್ಳು ಹೇಳಿದ್ದೇನೆ, ಓಣಿಗೆ ಹೇಳಿದ್ದೇನೆ, ಆ ತಾಯಿಗೂ ಹೇಳಿದೆ. ಇವಳಿಗೆ ಹೇಳಲು ನಾಲಿಗೆ ಏಳಲಿಲ್ಲ.

"ನಡಿ, ತೋರಸ್ತೀನಿ," ಎಂದು ಗೋಣಿಚೀಲದಿಂದ ಆ ಎರಡು ಹಲಗೆ ಎಳೆದೆ. ಒಂದನ್ನು ರಜಿಯಾಳ ಕೈಗೆ ಕೊಟ್ಟೆ, ಒಂದನ್ನು ನನ್ನ ಕಂಕುಳಲ್ಲಿ ಸಿಕ್ಕಿಸಿದೆ. ಗೋಡೆ ಹಿಡಿದು ಎದ್ದೆ. ಹೊಸ್ತಿಲ ಹತ್ತಿರ ಬಂದು ಗೋಡೆ ಬಿಟ್ಟೆ. ಆಮೇಲೆ ಹೆಣ್ಣುಮಗಳು ಪರಗಂಡಸಿನ ಮುಂದೆ ಮಾಡಬಾರದ್ದನ್ನು ಮಾಡಿದೆ. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಹಿಡಿದೆ.

"ಪಕ್ಕೀರೀ! ಏನಿದು ಹುಚ್ಚು? ಸೀರಿ ಇಳಸು!" ಅಪ್ಪ ಗುಡುಗಿದ. ಅಮೀನಸಾಬ ಮುಖ ಬೀದಿಯ ಕಡೆ ತಿರುಗಿಸಿದ.

"ಈ ಕಡೆ ನೋಡ್ರಿ ಅಣ್ಣಾ. ನೋಡಾಕ ಬಂದೀರಿ, ನೋಡ್ಕೊಂಡು ಹೋಗ್ರಿ."

ನಡೆದೆ. ಒಂದು, ಎರಡು, ಮೂರು. ಮೊಣಕಾಲು ಒಂದಕ್ಕೊಂದು ತಾಗುತ್ತಾ, ಪ್ರತಿ ಹೆಜ್ಜೆಗೂ ಇನ್ನಷ್ಟು ಕೆಳಗೆ ಇಳಿಯುತ್ತಾ. ನಾಲ್ಕು. ತೊಡೆಗೆ ಬೆಂಕಿ ಬಿತ್ತು. ಐದನೆಯದಕ್ಕೆ ಇಮಾಮಬಾನು ಎದ್ದು ಬಂದಳು, ಬೇಡ ಎಂದು ಕೈ ಮಾಡಿದೆ. ಏಳನೆಯದಕ್ಕೆ ಅಪ್ಪನ ಮಣೆಯ ಮುಂದೆ ಕುಸಿದು ಕೂತೆ. ಏಳು ಹೆಜ್ಜೆಯೂ ಹಿಮ್ಮಡಿ ನೆಲಕ್ಕೇ ಊರಿತ್ತು. ಅಪ್ಪ ಹದಿನೈದು ವರ್ಷ ಬಯಸಿದ್ದ ಹಿಮ್ಮಡಿ ಅದು.

ಹಿಂದೆಯೇ ಬಂದಿದ್ದ ರಜಿಯಾಳ ಕೈಯಿಂದ ಹಲಗೆ ತೆಗೆದುಕೊಂಡೆ. ನಾನು ಎರಡೂ ಹಲಗೆಗಳನ್ನು ಮಣೆಯ ಮೇಲೆ ಪಕ್ಕಪಕ್ಕ ನಿಲ್ಲಿಸಿದೆ.

"ಅಪ್ಪಾ, ಇದು ದವಾಖಾನಿದು. ಇದು ನಿಂದು. ಅಳತಿ ಹಿಡಿ."

ಅಪ್ಪನ ಮುಖ ಕಪ್ಪಿಟ್ಟಿತು. "ಏನಂತೀ? ನಾನ ನಿನ್ನ ಕಾಲು ಕೆಡಿಸಿದೆ ಅಂತೀ? ನಾಕು ಮಂದ್ಯಾಗ ನನ್ನ ಉಳಿಗೆ ಅಪವಾದ ಹೊರಸ್ತೀ?"

"ಅಳತಿ ಹಿಡಿ ಅಂದೆ."

ಅವನು ಹಿಡಿದ. ಲೆಕ್ಕವನ್ನು ಒಳಗೊಳಗೇ ಹೇಳಿಕೊಂಡ. ಅಳತೆಕಡ್ಡಿಯ ಮೇಲೆ ಹೆಬ್ಬೆರಳು ಹನ್ನೊಂದರ ಹತ್ತಿರ ನಿಂತಿತು. ನಲವತ್ತು ವರ್ಷ ಕಟ್ಟಿಗೆ ಅಳೆದ ಕೈ ಅದು, ಅದಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕುಗ್ಗತೈತಿ ಅಂತ ಇಟ್ಟೆ," ಎಂದ ಅಪ್ಪ ಮೆಲ್ಲಗೆ. "ಕುಗ್ಗಲಿಲ್ಲೇನವ್ವಾ?"

"ಹಲಗಿ ಕಟ್ಟಿದ ಮ್ಯಾಲ ಅಷ್ಟು ಕುಗ್ಗಲಿಲ್ಲಪ್ಪಾ. ನೀ ಎಳದಷ್ಟೂ ಬಂತು." ನಾನು ಇಮಾಮಬಾನುವಿನ ಕಡೆ ತಿರುಗಿದೆ. "ಅಕ್ಕಾ, ಆಗ್ಲೆ ಸುಳ್ಳ ಹೇಳಿದೆ, ತಪ್ಪಾತು. ಖರೇ ಇದು. ಕೊಯ್ಸಿದ್ದಕ್ಕ ನಾ ಹತ್ತು ವರ್ಷ ಛಲೋ ನಡದೀನಿ, ನೀರು ತಂದೀನಿ. ಆಮ್ಯಾಲ ಹಿಂಗಾತು. ಇದು ಕೊಯ್ದದ್ದರಿಂದ ಎಷ್ಟು, ಮೈ ಬೆಳದು ಭಾರ ಆದದ್ದಕ್ಕ ಎಷ್ಟು, ಹಲಗಿಯಿಂದ ಎಷ್ಟು, ನನಗ ಪೂರಾ ಗೊತ್ತಿಲ್ಲ. ಆದ್ರ ಗೊತ್ತಿಲ್ಲದ್ದನ್ನ ನಿಮ್ಮ ಹುಡುಗಿ ಕಾಲಾಗ ಪರೀಕ್ಷಾ ಮಾಡೂದು ಬ್ಯಾಡ. ದಾಕ್ಟರಮ್ಮ ಹೇಳಿದಷ್ಟ ಇರಲಿ. ವರ್ಷಕ್ಕೊಮ್ಮೆ ಹುಡುಗೀನ ಕರಕೊಂಡು ಹೋಗಿ ಆಕೀಗೆ ತೋರಸ್ರಿ. ನಮಗ ಯಾರೂ ಹೇಳಲಿಲ್ಲ, ನಾವೂ ತಿರುಗಿ ಹೋಗಲಿಲ್ಲ."

ಅಪ್ಪ ಉಳಿಯನ್ನು ಕೆಳಗಿಟ್ಟ. ಒಂದು ಮಗುವನ್ನು ಮಲಗಿಸುವ ಹಾಗೆ ಇಟ್ಟ. ನಾನು ಹೆದರಿದ್ದು ಇದಕ್ಕೇ.

"ಸಾಹೇಬ್ರ, ಕೊಪ್ಪಳದಾಗ ಬಡಿಗ್ಯಾರು ಅದಾರ. ಅವರ ಕಡೆ ಮಾಡಸ್ರಿ. ನನ್ನ ಕೈ ಬ್ಯಾಡ."

ಅಮೀನಸಾಬ ಹೆಂಡತಿಯ ಮುಖ ನೋಡಿದ. ಅವಳು ಅರ್ಧ ಆದ ಹಲಗೆಯನ್ನು ಎತ್ತಿಕೊಂಡಳು. ಅಂಚಿನ ಮೇಲೆ ಬೆರಳಾಡಿಸಿದಳು, ಹೊಲಿಗೆಯ ಗಂಟು ಹುಡುಕುವ ಹಾಗೆ. ಮಗಳ ಕಾಲಿಗೆ ಹಿಡಿದಳು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

"ಕಾಕಾ," ಎಂದಳು, "ಬಡಿಗ್ಯಾನ ಕೈ ತಪ್ಪಿದ್ರ ನನಗ ಹೇಳಾವ್ರು ಯಾರು? ಇಲ್ಲಿ ನಿಮ್ಮ ಮಗಳು ಅದಾಳ. ನೀವ ಮಾಡ್ರಿ. ಅಳತಿ ಆಕಿ ಹಿಡೀಲಿ."

ನಮ್ಮ ಮನೆಯಲ್ಲಿ ಅಳತೆಕಡ್ಡಿಯನ್ನು ಹೆಣ್ಣುಮಕ್ಕಳು ಮುಟ್ಟಿದ್ದಿಲ್ಲ. ಅದು ಅಪ್ಪನ ಅಪ್ಪನದು. ಅಪ್ಪ ಬಹಳ ಹೊತ್ತು ಅದನ್ನು ಕೈಯಲ್ಲಿ ತಿರುಗಿಸಿದ. ನಂತರ ನನ್ನ ಕಡೆ ನೋಡದೆ ಚಾಚಿದ. ನಾನು ಹಿಡಿದೆ. ಅವನು ಇದ್ದಲಿನ ಗುರುತು ಒರೆಸಿ, ಒಂದು ನೂಲು ಕೆಳಗೆ ಹೊಸ ಗೆರೆ ಎಳೆದ. ನಾನು ದವಾಖಾನೆಯ ಹಲಗೆಗೆ ಹೋಲಿಸಿ ನೋಡಿದೆ. ಸರಿ ಇತ್ತು. ಆದರೂ ಎರಡು ಸಲ ನೋಡಿದೆ, ಅವನು ಕಾದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ರಜಿಯಾ ಹೊಸ ಹಲಗೆ ಕಟ್ಟಿಸಿಕೊಂಡು, ಓರೆ ಹುಬ್ಬಿನ ಗೌರಿಯನ್ನು ಹಟ ಮಾಡಿ ಇಸಿದುಕೊಂಡು ಜಟಕಾ ಹತ್ತಿದಳು. ಆರು ತಿಂಗಳಿಗೆ ಮತ್ತೆ ಬರುತ್ತೇವೆ ಎಂದರು.

ಅವರು ಹೋದ ಮೇಲೆ ಪಡಸಾಲೆಯಲ್ಲಿ ನಾವಿಬ್ಬರೇ. ಅಪ್ಪ ನನ್ನ ಪಕ್ಕ ಬಂದು ಗೋಡೆಗೆ ಒರಗಿ ಕೂತ. ಬೈಯಲಿ ಎಂದು ಕಾಯುತ್ತಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಯಾಕ ಹೇಳಲಿಲ್ಲ ಮೊದಲ?"

"ನೀ ಉಳಿ ಬಿಡ್ತೀ ಅಂತ ಹೇಳಲಿಲ್ಲ."

ಅವನು ಗೋಡೆಯ ಮೇಲೆ ಅಂಗೈ ಇಟ್ಟ. ನಾನು ದಿನವೂ ಹಿಡಿದು ಬರುತ್ತಿದ್ದ ಜಾಗದಲ್ಲಿ ಕೆಂಪು ಬೆರಳ ಗುರುತು ಉಳಿದಿತ್ತು.

"ಈ ಬಣ್ಣದ ಬೆರಳು ಎರಡು ವರ್ಷದಿಂದ ನೋಡಾಕ ಹತ್ತೀನವ್ವಾ," ಎಂದ. "ತಿಂಗಳಾ ತಿಂಗಳಾ ಕೆಳಗ ಇಳದಾವ. ಕೇಳಿದ್ರ ನೀ ಹೇಳ್ತೀ ಅಂತ ಹೆದರಿಕಿ. ಅದಕ್ಕ ಛಲೋ ಅದಾಳ ಅಂತ ಮಂದಿಗೆ ಹೇಳ್ಕೋತ ಸುಣ್ಣ ಹಚ್ಚಿ ಮುಚ್ಚಿದೆ."

ಅಪ್ಪ ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವ್ವ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ನನಗೆ ಅವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಹುಡುಕಿದರೂ ಸಿಗಲಿಲ್ಲ. ಇಬ್ಬರು ಕಳ್ಳರು ಒಂದೇ ಗೋಡೆಗೆ ಒರಗಿ ಕೂತಿದ್ದೆವು.

ಮರುದಿನ ಬೆಳಿಗ್ಗೆ ಅಪ್ಪ ಗೋಡೆಗೆ ಸುಣ್ಣ ಬಳಿಯಲಿಲ್ಲ. ನಾನು ಹಿಡಿದು ನಡೆಯಲೆಂದು ಒಳಮನೆಯಿಂದ ಬೀದಿ ಬಾಗಿಲವರೆಗೆ ಗೋಡೆಗೆ ಕಟ್ಟಿಗೆಯ ಹಿಡಿಕೆ ಹೊಡೆದ. ಎತ್ತರಕ್ಕೆ ನನ್ನನ್ನೇ ನಿಲ್ಲಿಸಿದ. ಸೀರೆಯ ಮಡಿಕೆ ಬಿಚ್ಚಿ, ಬಾಗಿದ ಮೊಣಕಾಲು ಬಾಗಿದಂತೆಯೇ ಬಿಟ್ಟು, ನಾನು ಇದ್ದಷ್ಟೇ ಎತ್ತರಕ್ಕೆ ನಿಂತೆ. ಅವನು ನನ್ನ ಕೈ ಇದ್ದ ಜಾಗಕ್ಕೇ ಗೆರೆ ಎಳೆದ, ಒಂದು ನೂಲೂ ಹೆಚ್ಚಿಡಲಿಲ್ಲ.